ನೀರು ಬಿಟ್ಟ ಮೈ

ಚಿಕ್ಕಮಾದಮ್ಮ ನೀರಿನ ಚೊಂಬು ನೀಡಿದಳು. ನಟರಾಜು ಮುಂದೆ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ.

“ಬ್ಯಾಡ ಅವ್ವ.”

“ಅದ್ಯಾಕ್ ಮಗ? ಬಿಸ್ಲಲ್ಲಿ ಬಂದಿದ್ದೀಯ. ವಸಿ ಗಂಟ್ಲು ನೆನಸ್ಕೊ.”

“ಇವತ್ತು ನೀರು ಕುಡಿಯಂಗಿಲ್ಲ ಅವ್ವ.”

“ಒಪ್ಪತ್ತಾ? ಒಪ್ಪತ್ತಿದ್ರೂ ನೀರ್ ಕುಡೀತಾರಲ್ಲ ಮಗ.”

ಯಳಂದೂರಿನ ಆ ಕೇರಿಗೆ ನಟರಾಜು ಬಂದದ್ದು ಅದೇ ಮೊದಲು. ಗೆಳೆಯ ಬಿಳಿಗಿರಿಯನ್ನು ಬೈಕಿನಲ್ಲಿ ಕೂರಿಸಿಕೊಂಡು ಚಾಮರಾಜನಗರಕ್ಕೆ ಹೋಗಬೇಕಿತ್ತು. ಅಲ್ಲಿ ಆ ಭಾನುವಾರ ಮಧ್ಯಾಹ್ನ ಒಂದು ಗಂಟೆಗೆ ಜಿಲ್ಲಾ ಮಟ್ಟದ ದೇಹದಾರ್ಢ್ಯ ಸ್ಪರ್ಧೆ. ಇಬ್ಬರೂ ಹೆಸರು ಕೊಟ್ಟಿದ್ದರು. ಶುಕ್ರವಾರ ರಾತ್ರಿಯಿಂದ ನಟರಾಜು ಹನಿ ನೀರು ಮುಟ್ಟಿರಲಿಲ್ಲ. ಕೊಳ್ಳೇಗಾಲದ ಜಿಮ್ಮಿನ ಕೋಚು ಹೆಗಲ ಮೇಲೆ ಕೈಯಿಟ್ಟು ಹೇಳಿದ್ದ: “ಒಂದು ಗುಟುಕು ಇಳುದ್ರೂ ಚರ್ಮದ ಕೆಳಗೆ ಹೋಗಿ ಕೂತ್ಕೊಳ್ತದೆ. ಎಂಟು ತಿಂಗಳು ಕೆತ್ತಿದ್ದೆಲ್ಲ ಮುಚ್ಚೋಯ್ತದೆ.” ಮೈಯಲ್ಲಿ ಉಳಿದ ನೀರೂ ಇಳಿಯಲೆಂದು ಎರಡು ಮಾತ್ರೆ ಬೇರೆ ಕೊಟ್ಟಿದ್ದ. ಎಂಟು ತಿಂಗಳ ಉಪ್ಪಿಲ್ಲದ ಕೋಳಿ, ಡಬ್ಬಿಗಟ್ಟಲೆ ಪ್ರೋಟೀನ್ ಪುಡಿ, ಎಲ್ಲ ಸೇರಿ ಈಗ ನಟರಾಜುವಿನ ಹೊಟ್ಟೆಯ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿತ್ತು. ತುಟಿ ಬಿರಿದಿತ್ತು. ನಾಲಗೆ ಅಂಗುಳಿಗೆ ಅಂಟಿಕೊಳ್ಳುತ್ತಿತ್ತು.

ಅಷ್ಟರಲ್ಲಿ ಬಿಳಿಗಿರಿ ಬ್ಯಾಗು ಹಿಡಿದು ಹೊರಗೆ ಬಂದ. ಅಜ್ಜಿಯ ಕೈಯಲ್ಲಿದ್ದ ಚೊಂಬನ್ನು ತೆಗೆದುಕೊಂಡು ಗಟಗಟನೆ ಕುಡಿದು ಮೀಸೆ ಒರೆಸಿಕೊಂಡ. ಅವನದು ಗರಡಿಯಲ್ಲಿ ಬೆಳೆದ ಮೈ. ಯಳಂದೂರಿನ ವಸ್ತಾದಿ ಶಾಂತಮೂರ್ತಿ ಶಿಷ್ಯರಿಗೆ ಪುಡಿಯ ಡಬ್ಬಿ ಮುಟ್ಟಗೊಡುತ್ತಿರಲಿಲ್ಲ. ನೆನೆಸಿದ ಕಡಲೆ, ರಾಗಿ ಅಂಬಲಿ, ನಾಟಿಮೊಟ್ಟೆ, ಅಷ್ಟೆ. ನೀರು ಬಿಡಿಸುವ ಪಾಠ ಆ ಗರಡಿಯಲ್ಲಿರಲಿಲ್ಲ. “ನಿಮ್ ಕೊಳ್ಳೇಗಾಲದೋರು ಮೈ ಬೆಳಸ್ತೀರೋ, ಸಂಡಿಗೆ ತರ ಒಣಗುಸ್ತೀರೋ?” ಎಂದು ಬಿಳಿಗಿರಿ ಯಾವಾಗಲೂ ಕಿಚಾಯಿಸುತ್ತಿದ್ದ.

ಮೊಮ್ಮಗ ಕುಡಿದದ್ದನ್ನು ಚಿಕ್ಕಮಾದಮ್ಮ ನೋಡಿದಳು. ಒಳಗೆ ಹೋಗಿ ಚೊಂಬು ತುಂಬಿಸಿಕೊಂಡು ಬಂದಳು. ಈ ಸಲ ನೀಡಲಿಲ್ಲ, ಕೈಯಲ್ಲೇ ಹಿಡಿದು ನಿಂತಳು.

“ಯಾವೂರು ಮಗ ನಿಂದು?”

“ಕಾಮಗೆರೆ ಅವ್ವ.”

“ಯಾರ ಪೈಕಿ?”

“ಪಟೇಲ್ ಮಾದಸ್ವಾಮಿ ಮೊಮ್ಮಗ.”

ಮುದುಕಿ ಚೊಂಬನ್ನು ಮೆಲ್ಲಗೆ ಜಗುಲಿಯ ಮೇಲಿಟ್ಟಳು. “ಓ... ಅವ್ರ ಒಲಕ್ಕೆ ಕಳ್ಳೇಕಾಯಿ ಕೀಳಕ್ ಬತ್ತಿದ್ದೊ ನಾವು. ಮದ್ಯಾನ್ನಕ್ಕೆ ಎತ್ತರುದ್ ಮೇಲ್ ನಿಂತ್ಕಂಡು ಬೊಗಸೆಗೆ ನೀರ್ ಉಯ್ತಿದ್ರು. ಬುಡಿ ಬುದ್ದಿ, ಬ್ಯಾಡಾಂದ್ರೆ ಬ್ಯಾಡ.”

ಇಷ್ಟು ಹೊತ್ತು ‘ಮಗ’ ಎನ್ನುತ್ತಿದ್ದವಳ ಬಾಯಲ್ಲಿ ಹೊಲದೊಡೆಯರನ್ನು ಕರೆಯುವ ‘ಬುದ್ದಿ’ ಬಂದಿತ್ತು.

“ಅಂಗಲ್ಲ ಕಣಜ್ಜಿ,” ಬಿಳಿಗಿರಿ ನಡುವೆ ಬಾಯಿ ಹಾಕಿದ. “ಅವ್ರ ಜಿಮ್ಮಲ್ಲಿ ಸ್ಪರ್ಧೆಗ್ ಮುಂಚೆ ನೀರ್ ಬುಡುಸ್ತಾರೆ.”

“ನೀನೂ ಅದೇ ಸ್ಪರ್ಧೆಗಲ್ವಾ ಓಯ್ತಿರದು? ನೀ ಕುಡುದ್ಯಲ್ಲ?” ಮುದುಕಿಯ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. “ನಾನೂ ಬಾಳ ಕೇಳಿವ್ನಿ ಕಣಪ್ಪ. ಒಬ್ರು ಒಪ್ಪತ್ತು ಅಂತಿದ್ರು. ಒಬ್ರು ಸೀತ ಅಂತಿದ್ರು. ಒಬ್ರು ಈಗ್ ತಾನೆ ಕಾಪಿ ಕುಡ್ಕ ಬಂದೆ ಅಂತಿದ್ರು. ಮೈ ಬೆಳಸಕ್ಕೆ ನೀರ್ ಬುಟ್ಟಿವ್ನಿ ಅನ್ನದು ಒಸದು.”

ನಟರಾಜು ನಗಲು ನೋಡಿದ. ಬಿರಿದ ತುಟಿ ಚುರ್ರೆಂದಿತು. ಇನ್ನೊಂದು ಮಾತು ಹೇಳಿ ತನ್ನನ್ನು ಬಿಡಿಸಲಿ ಎಂದು ಬಿಳಿಗಿರಿಯ ಕಡೆ ತಿರುಗಿದ. ಬಿಳಿಗಿರಿ ಆಗಲೇ ಬೈಕಿಗೆ ಬ್ಯಾಗು ಬಿಗಿಯುತ್ತ ಬಗ್ಗಿದ್ದ, ತಲೆ ಎತ್ತಲಿಲ್ಲ. ಆ ಬಗ್ಗಿದ ಬೆನ್ನನ್ನು ನೋಡುತ್ತಿದ್ದಂತೆ ನಟರಾಜುವಿಗೆ ಹೋದ ಶಿವರಾತ್ರಿಯ ಮರುದಿನ ನೆನಪಾಯಿತು. ಬಿಳಿಗಿರಿ ಕಾಮಗೆರೆಗೆ ಬಂದಿದ್ದ. ನಟರಾಜುವಿನ ಅವ್ವ ಎಲ್ಲರಿಗೂ ಸ್ಟೀಲ್ ಲೋಟದಲ್ಲಿ ಟೀ ತಂದಿದ್ದಳು, ಬಿಳಿಗಿರಿಗೆ ಮಾತ್ರ ಪೇಪರ್ ಲೋಟದಲ್ಲಿ. “ಲೋಟ ತೊಳೆದಿರ್ಲಿಲ್ಲ ಕಣಪ್ಪ” ಎಂದಿದ್ದಳು. ಬಿಳಿಗಿರಿ ಕುಡಿದು, ಲೋಟ ಮುದುರಿ ಜೇಬಿಗೆ ಹಾಕಿಕೊಂಡಿದ್ದ. ಎಷ್ಟು ಅಚ್ಚುಕಟ್ಟು ಇವನು ಎಂದು ಆಗ ನಟರಾಜು ಅಂದುಕೊಂಡಿದ್ದ, ಅಷ್ಟೆ.

ಸ್ಪರ್ಧೆಗೆ ಇನ್ನು ಮೂರು ಗಂಟೆ ಇತ್ತು. ಅವನು ಜಗುಲಿಯ ಹತ್ತಿರ ಹೋಗಿ ಚೊಂಬು ತೆಗೆದುಕೊಂಡ. ಚಿಕ್ಕಂದಿನಿಂದ ಮನೆಯಲ್ಲಿ ಕಲಿಸಿದಂತೆ ಕೈ ತಾನಾಗಿ ಚೊಂಬನ್ನು ಬಾಯಿಂದ ಮೇಲಕ್ಕೆ ಎತ್ತಿತು. ಎತ್ತಿದ ಕೈಯನ್ನು ಇಳಿಸಿ, ಚೊಂಬಿನ ಅಂಚಿಗೆ ತುಟಿ ಇಟ್ಟ.

“ಲೇ ನಟ, ಬುಡ್ಲಾ! ಎಂಟ್ ತಿಂಗ್ಳು ಕಣ್ಲಾ!” ಬಿಳಿಗಿರಿ ಓಡಿ ಬಂದ.

ಮುದುಕಿಗೆ ಕಾಣಲೆಂದು ಒಂದೇ ಗುಟುಕು ಎಂದುಕೊಂಡಿದ್ದ. ಆ ಗುಟುಕು ಗಂಟಲಿಗೆ ಇಳಿದದ್ದೇ ತಡ, ಮೈ ಅವನ ಮಾತು ಕೇಳಲಿಲ್ಲ. ಎರಡೂ ಕೈಯಲ್ಲಿ ಚೊಂಬನ್ನು ಅವುಚಿ ಹಿಡಿದು, ಉಸಿರು ಬಿಡದೆ, ಕರು ಕುಡಿದ ಹಾಗೆ ಕುಡಿದ. ನೀರು ಗಲ್ಲದಿಂದ ಇಳಿದು ಅಂಗಿಯ ಎದೆ ನೆನೆಯಿತು. ಚೊಂಬು ಬರಿದಾದ ಮೇಲೂ ಒಂದು ಕ್ಷಣ ಬಾಯಿಂದ ತೆಗೆಯಲಾಗಲಿಲ್ಲ.

ಚಿಕ್ಕಮಾದಮ್ಮ ಚೊಂಬು ಇಸಿದುಕೊಂಡು ಒಳಗೆ ಇಣುಕಿದಳು. ತಳದಲ್ಲಿ ಹನಿಯೂ ಇರಲಿಲ್ಲ. ಅವನ ಒದ್ದೆ ಗಲ್ಲವನ್ನೂ ಬಿರಿದ ತುಟಿಯನ್ನೂ ನೋಡಿದಳು.

“ಇಷ್ಟು ಬಾಯಾರ್ಕೆ ಮಡಿಕಂಡೂ ಬ್ಯಾಡ ಅಂದ್ರಲ್ಲ ಬುದ್ದಿ,” ಎಂದಳು.