ಕಣ್ಣಿಗೆ ಕಟ್ಟಿದ ಹಳದಿ ಬಟ್ಟೆ

ಸೂರ್ಯಚಂದ್ರರ ಬೆನ್ನಿಗೂ ಡ್ರಮ್ಮಿಗೆ ಹೊಡೆಯುವಂಥ ಕಾರ್ಖಾನೆಯ ಲೋಹದ ಬ್ಯಾಡ್ಜ್ ಒಂದನ್ನು ಹೊಡೆದಿದ್ದರೆ ಅವರು ಹುಟ್ಟಿದ ಇಸವಿಯನ್ನು ಬೆರಳಲ್ಲೇ ಹೇಳಿಬಿಡುತ್ತಿದ್ದೆ ಎಂಬುದು ರಿಪೇರಿ ಅಂಗಡಿಯ ಡ್ರಮ್ ಡಾಕ್ಟರ ಮಾಮೂಲಿ ಮಾತು. ಇವತ್ತು ಅದಕ್ಕೆ ಇನ್ನಷ್ಟು ರೆಕ್ಕೆಪುಕ್ಕ ಬಂತು. "ಹೋದ ವಾರ ಒಂದು ಡ್ರಮ್ಮಿನ ಬ್ಯಾಡ್ಜ್ ಮುಟ್ಟಿದೆ. ಇಸವಿ ಹಾಳಾಗ್ಲಿ, ಅದಕ್ಕೆ ಮೊಳೆ ಹೊಡೆದವನಿಗೆ ಅವತ್ತು ನೆಗಡಿ ಆಗಿತ್ತು ಅನ್ನೋದೂ ಗೊತ್ತಾಯ್ತು. ನಂಗೂ ಎರಡು ಸೀನು ಬಂತು!"

ಹೋಟೆಲಿನಲ್ಲಿ ಬಾರಿಸುವ ಡ್ರಮ್ಮರ್ ಹೊಟ್ಟೆ ಹಿಡಿದುಕೊಂಡು ನಕ್ಕ. ತಾತನ ದೊಡ್ಡ ಡ್ರಮ್ಮನ್ನು ಚೀಲದಿಂದ ಎಳೆದು ಮೇಜಿನ ಮೇಲಿಟ್ಟ. "ಇದರ ನೆತ್ತಿ ಮೇಲೆ ಒಂದು ಚಿಕ್ಕ ಡ್ರಮ್ ಕೂರಿಸ್ಬೇಕು ಡಾಕ್ಟ್ರೇ, ತೂತು ಕೊರೀಬೇಕು. ಆದ್ರೆ ತಾತ ಮೊದಮೊದಲು ಬಾರಿಸ್ತಿದ್ದ ಹಳೇದು ಇದೇನಾ, ಇಲ್ಲಾ ವಯಸ್ಸಾದ ಮೇಲೆ ಕೊಂಡಿದ್ದಾ, ಮನೇಲಿ ಯಾರಿಗೂ ಗೊತ್ತಿಲ್ಲ. ಹಳೇದಾದ್ರೆ ನಾನು ಸೂಜೀನೂ ಚುಚ್ಚಲ್ಲ. ಆಮೇಲಿಂದಾದ್ರೆ ಈಗಲೇ ಕೊರೆದುಬಿಡಿ."

"ಇಷ್ಟೇನಾ?" ಡಾಕ್ಟರು ಡ್ರಮ್ ಒರೆಸುವ ಹಳದಿ ಬಟ್ಟೆಯನ್ನು ಕಣ್ಣಿಗೆ ಬಿಗಿದುಕೊಂಡರು. ಬೀದಿಗೆಲ್ಲ ಹೆಸರಾದ ಆಟ ಅದು. ಆ ಬಟ್ಟೆ ಕಟ್ಟದಿದ್ದರೂ ಅವರಿಗೆ ಈಗ ಬರೀ ಮಂಜಷ್ಟೇ ಕಾಣುವುದು ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ, ಪಕ್ಕದಲ್ಲೇ ಕೆಲಸ ಮಾಡುವ ಮಗಳಿಗೂ. "ನಿನ್ನ ಕಣ್ಣು ಕೈಕೊಟ್ಟ ದಿನ ಶಟರ್ ಎಳೀತೀನಿ ನೋಡಪ್ಪ. ಡ್ರಿಲ್ಲು, ಗರಗಸದ ಮಧ್ಯೆ ನಿನ್ನ ಬಿಡೋಕಾಗಲ್ಲ" ಎಂದು ಅವಳು ಒಮ್ಮೆ ಹೇಳಿದ್ದಳು. ಶಟರ್ ಇಳಿದರೆ ಅವರಿಗೆ ಉಳಿಯುವುದು ಮನೆಯ ಕಿಟಕಿ ಪಕ್ಕದ ಕುರ್ಚಿ. ಕಿಟಕಿಯಾಚೆಯದೂ ಕಾಣದ ಕುರ್ಚಿ. ಅದನ್ನು ನೆನೆದರೆ ಸಾಕು, ಡ್ರಮ್ಮಿನ ಕಿವಿಯನ್ನೇ ತೂತು ಮಾಡುವ ಆ ಬಾಯಿ ಒಣಗಿಹೋಗುತ್ತಿತ್ತು.

ಬೆರಳು ಬ್ಯಾಡ್ಜಿನ ಅಂಚು ಹುಡುಕಿಕೊಂಡು ಹೋಯಿತು. ಈ ಡ್ರಮ್ಮಿನ ಕಾರ್ಖಾನೆಯವರು ಮೊದಲು ನಂಬರನ್ನು ಲೋಹಕ್ಕೆ ಗುದ್ದಿ ಕೂರಿಸುತ್ತಿದ್ದರು. ಬೆರಳಿಗೆ ಗುಳಿ ಸಿಗುತ್ತಿತ್ತು. ಆಮೇಲೆ ಶಾಯಿಯಲ್ಲಿ ಅಚ್ಚು ಹಾಕತೊಡಗಿದರು. ಸವರಿದರೆ ಬರೀ ಸಪಾಟು. ಇದು ಸಪಾಟಾಗಿತ್ತು. ಆದರೆ ಲೋಹದಂತೆ ತಣ್ಣಗಿರಲಿಲ್ಲ. ಯಾಕಿಲ್ಲ? ಕೇಳಿದರೆ ಕಾಣುವುದಿಲ್ಲವೆಂದು ಒಪ್ಪಿಕೊಂಡಂತೆ. 

"ಆಮೇಲಿಂದು!" ಎಂದರು, ಗಂಟಲನ್ನು ಎಷ್ಟು ಏರಿಸಲು ಸಾಧ್ಯವೋ ಅಷ್ಟು ಏರಿಸಿ.

"ಗ್ಯಾರಂಟೀನಾ ಡಾಕ್ಟ್ರೇ?"

"ಸುಳ್ಳಾದ್ರೆ ಈ ಬೆರಳನ್ನೇ ಕತ್ತರಿಸಿ ಕೈಗಿಡ್ತೀನಿ."

"ಅವರಿಗೆ ಬೆರಳು ಬೇಡಪ್ಪ, ತೂತು ಬೇಕು" ಎನ್ನುತ್ತ ಮಗಳು ಮೇಜಿನ ಆ ಬದಿಯಲ್ಲಿ ನಿಂತು ನೆತ್ತಿಯ ಮೇಲೆ ಗುರುತು ಹಾಕಿದಳು. ಬ್ಯಾಡ್ಜಿನ ಮಗ್ಗುಲು ಅಪ್ಪನ ಕಡೆಗಿತ್ತು. ಡ್ರಿಲ್ ಗುರ್ರೆಂದಿತು.

ಡಾಕ್ಟರು ಬಟ್ಟೆಯನ್ನು ಸರಕ್ಕನೆ ಕೊರಳಿಗೆ ಎಳೆದುಕೊಂಡರು. ಮಂಜು. ಮಂಜಿನೊಳಗೆ ಆ ಸದ್ದು, ಹತ್ತಿರ, ಇನ್ನೂ ಹತ್ತಿರ. ಹಳೇದೇ ಆಗಿದ್ದರೆ? ಒಮ್ಮೆ ಕೊರೆದ ಮರ ಮತ್ತೆ ಕೂಡುವುದಿಲ್ಲ. ಸುಮ್ಮನಿದ್ದರೆ ಡ್ರಮ್ಮು ಹೋಗುತ್ತದೆ, ಬಾಯಿ ಬಿಟ್ಟರೆ ಅಂಗಡಿ. ಕಿಟಕಿ ಪಕ್ಕದ ಕುರ್ಚಿ ಇಡೀ ಅಂಗಡಿಯಷ್ಟು ದೊಡ್ಡದಾಗಿ ಬಂದು ಎದೆಯ ಮೇಲೆ ಕೂತಿತು. ಡ್ರಿಲ್ಲಿನ ದನಿ ಸಣ್ಣಗಾಯಿತು. ಮರ ಮುಟ್ಟುವ ಮೊದಲಿನ ದನಿ.

"ನಿಲ್ಸು!"

ಗೋಡೆಗೆ ತೂಗುಹಾಕಿದ್ದ ತಾಳಗಳೆಲ್ಲ ಝಲ್ಲೆಂದವು. ಡ್ರಿಲ್ ನಿಂತಿತು.

"ಏನಾಯ್ತಪ್ಪ?"

"ಅದು... ತಣ್ಣಗಿರ್ಲಿಲ್ಲ. ಬ್ಯಾಡ್ಜು ಅಂದ್ಮೇಲೆ ತಣ್ಣಗಿರ್ಬೇಕು."

ಮಗಳು ಮೇಜು ಸುತ್ತಿಕೊಂಡು ಈ ಬದಿಗೆ ಬಂದು ಬಗ್ಗಿದಳು. ಉಗುರು ಯಾವುದನ್ನೋ ಕೆರೆಯುವ ಸದ್ದು, ಅಂಟು ಬಿಡುವ ಸದ್ದು. ಡ್ರಮ್ಮರ್ ಕೂಡ ಇಣುಕಿದ.

"ಅಯ್ಯೋ, ನಮ್ಮನೆ ಪುಟ್ಟೀದು! ಸಿಕ್ಕಸಿಕ್ಕಿದ್ದಕ್ಕೆಲ್ಲ ಸ್ಟಿಕ್ಕರ್ ಅಂಟಿಸ್ತಾಳೆ. ಏನ್ ಡಾಕ್ಟ್ರೇ, ಬೆಕ್ಕಿನ ಮುಖ ಸವರಿ ಇಸವಿ ಹೇಳಿದ್ರಾ? ಬೆಕ್ಕಿಗೆ ನೆಗಡಿ ಇರ್ಲಿಲ್ವಾ?"

"ಅದರ ಕೆಳಗಿದೆ ನೋಡಿ ಬ್ಯಾಡ್ಜು. ಗುದ್ದಿರೋ ನಂಬರು. ಹಳೇದು" ಎಂದಳು ಮಗಳು.

ಡ್ರಮ್ಮರನ ನಗು ಅಲ್ಲೇ ನಿಂತಿತು. ಮೇಜಿನ ಮೇಲೆ ಬಾಗಿ ಡ್ರಮ್ಮನ್ನು ಎರಡೂ ತೋಳುಗಳಲ್ಲಿ ಬಾಚಿ ಹಿಡಿದುಕೊಂಡ, ಮಗುವನ್ನು ರಸ್ತೆಯಿಂದ ಎಳೆದುಕೊಂಡವನಂತೆ.

ಮಗಳು ಇನ್ನೂ ಬ್ಯಾಡ್ಜಿನ ಮೇಲೇ ಬಗ್ಗಿದ್ದಳು. ದನಿಯಲ್ಲಿ ಸಿಟ್ಟಿತ್ತು. "ಎಂಥಾ ಕೆಲ್ಸ ಆಗ್ತಿತ್ತಪ್ಪ! ಕಣ್ಣಿಗೆ ಬಟ್ಟೆ ಕಟ್ಕೊಂಡು ಆಟ ಆಡಿದ್ದು ಸಾಕು. ಬಿಚ್ಚಿ ನೀನೇ ನೋಡು ಬಾ."

ಡಾಕ್ಟರು ಬಾಯಿ ತೆರೆದರು. ಜನ್ಮವಿಡೀ ಕರೆಯದೆಯೇ ಓಡಿಬರುತ್ತಿದ್ದ ಬಡಾಯಿ ಇವತ್ತು ಕರೆದರೂ ಬರಲಿಲ್ಲ.

"ಆಗಲೇ ಬಿಚ್ಚಿದೀನಿ ಕಂದಾ."

ಮಗಳು ತಲೆಯೆತ್ತಿದಳು. ಹಳದಿ ಬಟ್ಟೆ ಅಪ್ಪನ ಕೊರಳಲ್ಲಿತ್ತು. ಅಗಲವಾಗಿ ತೆರೆದ ಎರಡೂ ಕಣ್ಣುಗಳು, ಪಕ್ಕದಲ್ಲೇ ನಿಂತ ಅವಳನ್ನು ಬಿಟ್ಟು, ಮೇಜಿನ ಆಚೆ ಡ್ರಿಲ್ಲಿನ ಸದ್ದು ನಿಂತುಹೋದ ಜಾಗವನ್ನೇ ನೋಡುತ್ತಿದ್ದವು.