ಕಲ್ಲಿನ ಬದಿ

"ಕೈ ಬಿಡು ಅಣ್ಣಯ್ಯ, ಈಚೆ ಕಲ್ಲಿನ ಬದಿಗೆ ಬಾ!" ಕಾಲುವೆಯ ದಂಡೆಯಲ್ಲಿ ಬೋರಲು ಮಲಗಿ ಈಶಾನ ಕೂಗಿದ. ಕಸ ತೆಗೆಯಲು ಇಳಿದು ಜಾರಿದ್ದ ಅವನ ಅಣ್ಣ ಗಣೇಶಮೂರ್ತಿ ಎದುರು ಗೋಡೆಯ ಕಬ್ಬಿಣದ ಸರಳಿಗೆ ಜೋತುಬಿದ್ದಿದ್ದ. ಸರಳು ಅಲುಗುತ್ತಿತ್ತು. ಸ್ವಲ್ಪ ಕೆಳಗೆ ಕಾಲುವೆ ಕೊರಕಲಿಗೆ ಧುಮುಕುತ್ತದೆ.

ಆಸ್ತಿ ಪಾಲಾದಾಗ ಕಾಲುವೆಯ ಒಂದೊಂದು ಗೋಡೆ ಒಬ್ಬೊಬ್ಬರಿಗೆ ಬಂದಿತ್ತು. ಅಣ್ಣ ತನ್ನದಕ್ಕೆ ನುಣ್ಣಗೆ ಸಿಮೆಂಟ್ ಬಳಿಸಿದ್ದ. ಈಶಾನ ಹಟಕ್ಕೆ ಬಿದ್ದು ತನ್ನದನ್ನು ಒರಟು ಕಲ್ಲಾಗಿಯೇ ಬಿಟ್ಟಿದ್ದ. ಅಂದಿನಿಂದ ಇಬ್ಬರ ನಡುವೆ ಮಾತಿರಲಿಲ್ಲ.

"ನನ್ನ ಮುಳುಗಿಸಿ ನನ್ನ ಪಾಲೂ ನುಂಗ್ತೀಯಾ?" ಎಂದ ಅಣ್ಣ.

ಈಶಾನನಿಗೆ ಮೈಯೆಲ್ಲ ಉರಿಯಿತು. "ಬೈಯೋದು ಆಮೇಲೆ ಬೈ. ಇಲ್ನೋಡು ಮಾರಾಯ!" ಎಂದು ಒಂದು ಚಪ್ಪಲಿಯನ್ನು ಸಿಮೆಂಟಿನ ಬದಿಗೆ ಎಸೆದ. ಅದು ಗೋಡೆಗುಂಟ ಸರ್ರನೆ ಓಡಿ ಕೊರಕಲಿಗೆ ಬಿತ್ತು. ಇನ್ನೊಂದನ್ನು ತನ್ನ ಬದಿಗೆ ಬಿಟ್ಟ. ಅಲ್ಲಿ ನೀರು ಕಲ್ಲುಕಲ್ಲಿಗೂ ಬಡಿದು ಸುಳಿದು ಸೆಳೆತ ಕಳೆದುಕೊಂಡಿತ್ತು. ಚಪ್ಪಲಿ ಗಿರಗಿರ ತಿರುಗುತ್ತ ತಡೆತಡೆದು ಸಾಗಿತು.

ಅಣ್ಣ ಅದನ್ನೇ ನೋಡಿದ. ಸರಳು ಇನ್ನಷ್ಟು ಸಡಿಲಿತು. ಅವನು ತಮ್ಮನ ಮುಖ ನೋಡಿ, ತನ್ನ ಗೋಡೆಯನ್ನು ಒದ್ದು ಕೈ ಬಿಟ್ಟ. ಮರುಗಳಿಗೆ ಅವನ ಮುಂಗೈ ಈಶಾನನ ಮುಷ್ಟಿಯೊಳಗಿತ್ತು.