ಅವಾಚ್ಯ ಶಬ್ದಗಳು

ನಿಂಗಾಜಮ್ಮ ಊರ ಡೇರಿಯಲ್ಲಿ ಹಾಲು ಅಳೆಯುವ ಕೆಲಸಕ್ಕೆ ಸೇರಿದ ವಾರದಲ್ಲೇ, ಊರ ಯಜಮಾನನೊಬ್ಬ ಅವಳ ಕೈಯಿಂದ ಅಳತೆಯ ಪಾತ್ರೆ ಕಿತ್ತೆಸೆದು, ಸಾಲಿನಲ್ಲಿ ನಿಂತವರೆಲ್ಲರ ಎದುರು ಜಾತಿ ಹಿಡಿದು ಬೈದಿದ್ದ. ಅವಳು ದೂರು ಕೊಟ್ಟಳು. ಕೆಲವು ವರ್ಷಗಳ ಮೇಲೆ ಸಾಕ್ಷಿಕಟ್ಟೆ ಹತ್ತುವ ದಿನ ಬಂತು.

"ಏನಂತ ಬೈದ?" ನ್ಯಾಯಾಧೀಶರು ಕೇಳಿದರು.

ಅವನು ಆಡಿದ್ದನ್ನು ಅವಳು ಒಂದು ಪದವನ್ನೂ ಬಿಡದೆ ಹೇಳಿದಳು. ಬೆರಳಚ್ಚುಗಾರ್ತಿಯ ಕೈ ನಿಂತಿತು. ಸರ್ಕಾರಿ ವಕೀಲರು ಮೊಬೈಲಿನಿಂದ ಕಣ್ಣು ಕೀಳಲಿಲ್ಲ.

ನ್ಯಾಯಾಧೀಶರು ಬಾಯಿ ಮುಕ್ಕಳಿಸುವವರ ಹಾಗೆ ಒಂದು ಗುಟುಕು ನೀರು ಕುಡಿದರು. "ಈ ಹೊಲಸೆಲ್ಲ ನನ್ನ ಕಡತದಲ್ಲಿ ಬೇಡ. 'ಅವಾಚ್ಯ ಶಬ್ದಗಳಿಂದ ನಿಂದಿಸಿದನು' ಅಂತ ಟೈಪ್ ಮಾಡಮ್ಮ, ಸಾಕು."

"ಅವ ಅಂದಂಗೇ ಬರ್ಸಿ ಸ್ವಾಮಿ," ಅಂದಳು ನಿಂಗಾಜಮ್ಮ. "ಇಲ್ಲಿ ಏಳ್ಬೇಕು ಅಂತ್ಲೇ ಆ ಮಾತ ಇಷ್ಟು ವರ್ಸ ಮರೀದೆ ಇಟ್ಕಂಡಿವ್ನಿ."

"ನೀನು ಹೇಳಿದ್ದು ನನಗೆ ಕೇಳಿಸಿದೆ. ಕೋರ್ಟಿಗೂ ಒಂದು ಮರ್ಯಾದೆ ಅಂತ ಇರುತ್ತೆ. ರುಜು ಹಾಕಿ ಇಳಿ."

ಅವಳು ರುಜು ಹಾಕಿದಳು. ಸಾಲಿನಲ್ಲಿ ನಿಂತು ಕೇಳಿದ್ದವರು ಬಂದು ಅದೇ ಮಾತು ಹೇಳಿದರು. ಅವರ ಹೇಳಿಕೆಗಳಲ್ಲೂ 'ಅವಾಚ್ಯ ಶಬ್ದಗಳಿಂದ' ಎಂಬ ಅದೇ ವಾಕ್ಯ ಬಿತ್ತು.

ತೀರ್ಪಿನ ದಿನ ಅದೇ ನ್ಯಾಯಾಧೀಶರು ಆರೋಪಿಯನ್ನು ಬಿಡುಗಡೆ ಮಾಡಿ, ಕಾರಣವನ್ನೂ ಓದಿ ಹೇಳಿದರು: "ಆರೋಪಿಯು ಆಡಿದನೆನ್ನಲಾದ ಮಾತು ಯಾವುದೆಂದು ಫಿರ್ಯಾದಿಯು ಈ ನ್ಯಾಯಾಲಯದ ಮುಂದೆ ಹೇಳಿರುವುದಿಲ್ಲ."